ಮಡಿಕೆ ಬಿಚ್ಚದೆ ಸೀರೆ ಕೊಳ್ತೀವಾ?

ನಮ್ಮ ಇಳಕಲ್‌ನಲ್ಲಿ ಸೀರೆ ತಗೊಳ್ಳೋಕೆ ಬಂದವರು ಮಡಿಕೆ ಬಿಚ್ಚಿಸಿ ನೋಡದೆ ರೊಕ್ಕ ಕೊಡೋದಿಲ್ಲ. ಒಡಲಿಗೂ ಸೆರಗಿಗೂ ಹಾಕಿದ ಕೊಂಡಿ ಗಟ್ಟಿ ಇದೆಯಾ, ಎಲ್ಲಾದರೂ ಎಳೆ ತಪ್ಪಿದೆಯಾ ಅಂತ ಬೆಳಕಿಗೆ ಹಿಡಿದು ನೋಡ್ತಾರೆ. ಅಂಗಡಿಯವರೂ ಬೇಜಾರು ಮಾಡ್ಕೊಳ್ಳಲ್ಲ. ಆದರೆ ಸರ್ಕಾರದ ಗೋಪ್ಯ ಖರೀದಿ ಕೋರ್ಟಿಗೆ ಬಂದಾಗ ಮಡಿಕೆ ಬಿಚ್ಚೋರು ಯಾರು?

ರಫೇಲ್ ಪ್ರಕರಣವನ್ನೇ ನೋಡ್ರಿ. ಹಳೇ ಟೆಂಡರ್ ಪ್ರಕಾರ 126 ವಿಮಾನಗಳಲ್ಲಿ 108 ಎಚ್‌ಎಎಲ್‌ನಲ್ಲಿ ತಯಾರಾಗಬೇಕಿತ್ತು. 2016ರ ಸೆಪ್ಟೆಂಬರ್‌ನಲ್ಲಿ ಸಹಿ ಬಿದ್ದಿದ್ದು 36ಕ್ಕೆ, ಎಲ್ಲವೂ ಫ್ರಾನ್ಸಿನಿಂದಲೇ. ಇದನ್ನು ಪ್ರಶ್ನಿಸಿ ಯಶವಂತ್ ಸಿನ್ಹಾ, ಅರುಣ್ ಶೌರಿ, ಪ್ರಶಾಂತ್ ಭೂಷಣ್ ಮೊದಲಾದವರು ಸುಪ್ರೀಂ ಕೋರ್ಟಿಗೆ ಹೋದರು. ಬೆಲೆಯ ವಿವರವನ್ನು ಸರ್ಕಾರ ಮುಚ್ಚಿದ ಲಕೋಟೆಯಲ್ಲಿ ಜಡ್ಜ್‌ಗಳಿಗೆ ಮಾತ್ರ ಕೊಟ್ಟಿತು. ಅರ್ಜಿದಾರರಿಗೆ ಅದು ಸಿಗಲಿಲ್ಲ.

2018ರ ಡಿಸೆಂಬರ್ 14ರಂದು ಅರ್ಜಿಗಳು ವಜಾ ಆದವು. ಸಿಎಜಿ ವರದಿಯನ್ನು ಸಂಸತ್ತಿನ ಲೆಕ್ಕಪತ್ರ ಸಮಿತಿ ಪರಿಶೀಲಿಸಿದೆ ಅಂತ ತೀರ್ಪಿನಲ್ಲಿತ್ತು. ಆದರೆ ಆ ವರದಿ ಸಂಸತ್ತಿನಲ್ಲಿ ಮಂಡನೆ ಆಗಿದ್ದೇ 2019ರ ಫೆಬ್ರವರಿಯಲ್ಲಿ! ತೀರ್ಪಿನ ಮರುದಿನವೇ ಸರ್ಕಾರ ತಿದ್ದುಪಡಿ ಕೇಳಿತು: ನಾವು ಬರೆದದ್ದು ‘ಸಮಿತಿ ಪರಿಶೀಲಿಸುತ್ತದೆ’ ಅನ್ನೋ ಪದ್ಧತಿಯ ಮಾತು, ಕೋರ್ಟ್ ಅದನ್ನು ‘ಪರಿಶೀಲಿಸಿದೆ’ ಅಂತ ತಿಳಿದುಕೊಂಡಿದೆ ಎಂದು. ಒಂದು ಕ್ರಿಯಾಪದದ ಕಾಲ ತಪ್ಪಿತ್ತು, ಅಷ್ಟೇ. ಆ ಸಾಲು ಅರ್ಜಿದಾರರ ಕೈಯಲ್ಲೂ ಇದ್ದಿದ್ದರೆ ತಪ್ಪು ತೀರ್ಪಿನ ತನಕ ಬರ್ತಿರಲಿಲ್ಲ ಅನ್ನೋದು ನಮ್ಮ ನಂಬಿಕೆ. 2019ರ ನವೆಂಬರ್‌ನಲ್ಲಿ ಮರುಪರಿಶೀಲನಾ ಅರ್ಜಿಗಳೂ ವಜಾ ಆದವು.

ತೀರ್ಪು ಸರಿಯೋ ತಪ್ಪೋ ಅನ್ನೋದು ನಮ್ಮ ವಾದ ಅಲ್ಲ. ರೇಡಾರ್, ಕ್ಷಿಪಣಿಗಳ ಸಾಮರ್ಥ್ಯ ಗುಟ್ಟಾಗಿಯೇ ಇರಬೇಕು, ಅದನ್ನು ಎಂಜಿನಿಯರಿಂಗ್ ಓದೋ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಗುಟ್ಟು ಕಾಯೋದು ಬೇರೆ, ಒಂದೇ ಪಕ್ಷದ ಮಾತು ಕೇಳೋದು ಬೇರೆ. ದಾರಿಯೂ ಇದೆ. 2023ರ ಏಪ್ರಿಲ್‌ನಲ್ಲಿ ಮೀಡಿಯಾ ಒನ್ ಚಾನೆಲ್‌ನ ಲೈಸೆನ್ಸ್ ಪ್ರಕರಣದಲ್ಲಿ ಇದೇ ಸುಪ್ರೀಂ ಕೋರ್ಟ್, ಮುಚ್ಚಿದ ಲಕೋಟೆ ಸಹಜ ನ್ಯಾಯಕ್ಕೆ ಧಕ್ಕೆ ತರುತ್ತದೆ ಎಂದಿತು. ಸರ್ಕಾರ ಗೋಪ್ಯತೆ ಕೇಳಿದಾಗ ಆ ದಾಖಲೆ ನೋಡಿ ವಾದಿಸೋಕೆ ಕೋರ್ಟೇ ಒಬ್ಬ ವಕೀಲರನ್ನು ನೇಮಿಸಬಹುದು ಎಂದೂ ಹೇಳಿತು. ರಕ್ಷಣಾ ಖರೀದಿಯ ಪ್ರಕರಣಗಳಲ್ಲೂ ಇದು ರೂಢಿಯಾಗಲಿ.

ನಾಳೆ ನಮ್ಮಲ್ಲೇ ಕೆಲವರು ಎಚ್‌ಎಎಲ್, ಡಿಆರ್‌ಡಿಒ ಸೇರ್ತೀವಿ, ಗುಟ್ಟು ಕಾಯೋರೂ ಆಗ್ತೀವಿ. ನೇಕಾರರ ಮಗ್ಗದ ಗುಟ್ಟು ಅವರ ಹತ್ರಾನೇ ಇರಲಿ. ಕೊಡೋ ರೊಕ್ಕ ನಮ್ಮದು, ನಮ್ಮ ಪರವಾಗಿ ಒಬ್ಬರಾದರೂ ಮಡಿಕೆ ಬಿಚ್ಚಿ ನೋಡಲಿ.