ಒಂದೇ ನದಿ, ಎರಡು ಸೇತುವೆ

ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಮೇಲಿನ ಊರುಗಳಲ್ಲಿ ಪಯಸ್ವಿನಿ ಎಂದು ಕರೆಸಿಕೊಳ್ಳುವ ಹೊಳೆಯು ನಮ್ಮ ಕಾಸರಗೋಡಿನ ಬಳಿಗೆ ಬರುವಾಗ ಚಂದ್ರಗಿರಿಯಾಗುತ್ತದೆ. ಪೇಟೆಯಿಂದ ತೆಂಕಣಕ್ಕೆ ಹೋಗುವವರೆಲ್ಲರೂ ಈ ಹೊಳೆಯನ್ನು ದಾಟಲೇಬೇಕು. ದಾಟುವ ಮುಖ್ಯ ಹಾದಿಗಳು ಎರಡು. ಮೊದಲನೆಯದು ಕಡಲಿಗೆ ಹತ್ತಿರದ ಚಂದ್ರಗಿರಿ ಸೇತುವೆಯ ಮೇಲೆ ಸಾಗಿ ಮೇಲ್ಪರಂಬ, ಕಳನಾಡು, ಉದುಮಗಳ ಮೂಲಕ ಕಾಞಂಗಾಡನ್ನು ಸೇರುತ್ತದೆ. ಇನ್ನೊಂದು ರಾಷ್ಟ್ರೀಯ ಹೆದ್ದಾರಿ 66. ವಿದ್ಯಾನಗರ, ಚೆರ್ಕಳಗಳನ್ನು ಬಳಸಿ, ತೆಕ್ಕಿಲ್ ಸೇತುವೆ ದಾಟಿ, ಚಟ್ಟಂಚಾಲ್, ಪೊಯಿನಾಚಿ, ಪೆರಿಯಗಳ ಮೂಲಕ ಅದೇ ಕಾಞಂಗಾಡಿಗೆ ಹೋಗುತ್ತದೆ. ತಲುಪುವ ಊರು ಒಂದೇ ಆದರೂ ನಡುವಿನ ಊರುಗಳು ಬೇರೆ ಬೇರೆ.

ಈ ವ್ಯತ್ಯಾಸದ ಬೆಲೆಯನ್ನು ನಮ್ಮ ನೆರೆಮನೆಯ ಬಾಲಕಿಯೊಬ್ಬಳು ತೆತ್ತಳು. ಕನ್ನಡ ಮಾಧ್ಯಮದ ಎಂಟನೆಯ ತರಗತಿಯ ಈ ಹುಡುಗಿ ಕಂಠಪಾಠ ಸ್ಪರ್ಧೆಗೆಂದು ಅಜ್ಜಿಯೊಡನೆ ಉದುಮಕ್ಕೆ ಹೊರಟಿದ್ದಳು. ಮಲಯಾಳದ ಅಕ್ಷರಗಳನ್ನು ಅವಳು ಕೂಡಿಸಿ ಓದಬಲ್ಲಳು. ಫಲಕದ ದೊಡ್ಡ ಅಕ್ಷರಗಳಲ್ಲಿ ಕಾಞಂಗಾಡಿನ ಹೆಸರನ್ನು ಓದಿ, ಕೆಳಗೆ ಸಣ್ಣದಾಗಿ ಬರೆದಿದ್ದ ಮಾರ್ಗವನ್ನು ಓದುವಷ್ಟರಲ್ಲಿ ಬಸ್ಸು ಹೊರಡುವ ಸೂಚನೆಯಾಯಿತು, ಇಬ್ಬರೂ ಹತ್ತಿದರು. ಜನದಟ್ಟಣೆಯ ನಡುವೆ ನಿರ್ವಾಹಕರು ಇವರ ಬಳಿಗೆ ಬರುವಾಗ ಬಸ್ಸು ಚೆರ್ಕಳವನ್ನು ದಾಟಿತ್ತು. ಚಟ್ಟಂಚಾಲಿನಲ್ಲಿ ಇಳಿದು, ಕಾದು, ಬೇರೆ ಬಸ್ಸು ಹಿಡಿದು ಉದುಮಕ್ಕೆ ಮುಟ್ಟಿದಾಗ ಸ್ಪರ್ಧೆ ಮುಗಿದಿತ್ತು. ಹೊಳೆಯನ್ನೇನೋ ಅವಳು ದಾಟಿದಳು, ಬೇಕಾದ ಸೇತುವೆಯಲ್ಲಿ ಅಲ್ಲ.

ಮಾರ್ಗಗಳನ್ನು ಮಕ್ಕಳಿಗೆ ಹೆಗ್ಗುರುತುಗಳ ಮೂಲಕ ಕಲಿಸುವುದು ಹಿರಿಯರಾದ ನಮ್ಮ ಹೊಣೆ. ಚಂದ್ರಗಿರಿ ಸೇತುವೆಯ ದಾರಿಯಲ್ಲಿ ಹೊಳೆಯ ಬಡಗಣ ದಡದಲ್ಲಿ ಮಾಲಿಕ್ ದೀನಾರ್ ಮಸೀದಿಯಿರುವ ತಳಂಗರೆ. ತೆಂಕಣ ದಡದ ಎತ್ತರದಲ್ಲಿ 17ನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕನು ಕಟ್ಟಿಸಿದ ಚಂದ್ರಗಿರಿ ಕೋಟೆ. ವಿದ್ಯಾನಗರದ ನ್ಯಾಯಾಲಯವೂ ಜಿಲ್ಲಾಧಿಕಾರಿಗಳ ಕಚೇರಿಯೂ ಕಂಡವೆಂದರೆ ಬಸ್ಸು ಹೆದ್ದಾರಿ ಹಿಡಿದಿದೆಯೆಂದು ತಿಳಿಯಬೇಕು. ಹಾಗೆಯೇ ಮಲಯಾಳ ಲಿಪಿಯನ್ನು ನಮ್ಮ ಮಕ್ಕಳು ಸರಾಗವಾಗಿ ಓದಲು ಕಲಿಯಲಿ; ನೆರೆಯವರ ನುಡಿಯನ್ನು ಅರಿಯುವುದರಿಂದ ನಷ್ಟವೇನೂ ಇಲ್ಲ.

ಆದರೆ ಅಷ್ಟರಿಂದ ಫಲಕದ ಪ್ರಶ್ನೆ ಮುಗಿಯುವುದಿಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಸಂವಿಧಾನದ ಏಳನೆಯ ತಿದ್ದುಪಡಿಯು ಜಾರಿಗೆ ಬಂದುದೂ ಅದೇ ದಿನ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆನ್ನುವ 350ಎ ವಿಧಿಯು ಆ ತಿದ್ದುಪಡಿಯಿಂದಲೇ ಬಂದಿತು. ಅದಕ್ಕೂ ಮೊದಲೇ ಇದ್ದ 350ನೆಯ ವಿಧಿಯು ಯಾವ ವ್ಯಕ್ತಿಯೇ ಆಗಲಿ ತನ್ನ ಕುಂದುಕೊರತೆಯನ್ನು ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗೆ ಬರೆದು ಸಲ್ಲಿಸಬಹುದೆನ್ನುತ್ತದೆ. ಬಸ್ಸಿನ ಫಲಕದಲ್ಲಿ ಕನ್ನಡವಿರಲೇಬೇಕೆಂದು ಈ ವಿಧಿ ಹೇಳುವುದಿಲ್ಲ. ಕನ್ನಡ ಬೇಕೆಂದು ಕನ್ನಡದಲ್ಲಿಯೇ ಕೇಳುವ ಹಕ್ಕನ್ನು ಕೊಡುತ್ತದೆ.

ಸ್ಪರ್ಧೆ ತಪ್ಪಿದ ಸಂಜೆ ಆ ಬಾಲಕಿ ನಮ್ಮ ಜಗಲಿಗೆ ಬಂದು ಕೇಳಿದಳು: “ಮಾವ, ಕನ್ನಡದಲ್ಲಿ ಬರೆದು ಕೊಟ್ಟರೆ ಕಚೇರಿಯಲ್ಲಿ ತೆಗೆದುಕೊಳ್ಳುತ್ತಾರಾ?” ತೆಗೆದುಕೊಳ್ಳಲೇಬೇಕು ಎಂದೆ.

ಪಾಲಕರೂ ಹೀಗೆ ಬರೆಯಬಹುದು. ಯಾವ ದಿನ, ಎಷ್ಟು ಗಂಟೆಗೆ, ಯಾವ ಬಸ್ಸು, ಏನು ತೊಂದರೆಯಾಯಿತು ಎಂಬುದನ್ನು ಒಂದು ಪುಟದಲ್ಲಿ ತಿಳಿಸಿ. ತಲುಪುವ ಊರಿನೊಂದಿಗೆ ಮಾರ್ಗದ ಹೆಸರನ್ನೂ ಕನ್ನಡದಲ್ಲಿ ಬರೆಯಬೇಕೆಂದು ಸ್ಪಷ್ಟವಾಗಿ ಕೋರಿ. ಪ್ರತಿಯೊಂದನ್ನು ಇಟ್ಟುಕೊಂಡು, ಅದರ ಮೇಲೆ ಕಚೇರಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಬಾಯಿಮಾತಿನ ದೂರಿಗೆ ದಾಖಲೆಯಿಲ್ಲ. ದಾಖಲೆಯಿಲ್ಲದ ದೂರಿಗೆ ಉತ್ತರ ಕೊಡಬೇಕಾದ ಹೊಣೆ ಯಾರಿಗೂ ಇಲ್ಲ.

ಆ ಬಾಲಕಿಯ ಅರ್ಜಿ ಸಿದ್ಧವಾಗಿದೆ. ಕೈಬರಹ ಅವಳದು, ಸಹಿ ಅಜ್ಜಿಯದು. ನಾನು ತಿದ್ದಿದ್ದು ಎರಡು ಕಾಗುಣಿತ ಮಾತ್ರ.