ಹವ್ಯಾಸಕ್ಕೂ ಬೇಕು ಅಂದಾಜುಪಟ್ಟಿ

ಒಲಿಂಪಿಕ್ ಪಿನ್‌ಗಳ ಸಂಗ್ರಹ ನನ್ನ ಹಳೆಯ ಹವ್ಯಾಸ. 1896ರ ಅಥೆನ್ಸ್ ಕೂಟದಲ್ಲಿ ಕ್ರೀಡಾಪಟು, ತೀರ್ಪುಗಾರರನ್ನು ಗುರುತಿಸಲು ಕೊಟ್ಟ ರಟ್ಟಿನ ಬಿಲ್ಲೆಗಳೇ ಇವುಗಳ ಮೂಲ. ಮುಂದೆ ದೇಶದೇಶದ ಕ್ರೀಡಾಪಟುಗಳು ಅವನ್ನು ಸ್ನೇಹದ ಗುರುತಾಗಿ ಬದಲಾಯಿಸಿಕೊಂಡರು. ಇಂದು ಅಪರೂಪದ ಪಿನ್ನಿಗೆ ಸಾವಿರಾರು ರೂಪಾಯಿ.

ಕಳೆದ ವರ್ಷ ಒಂದೇ ಪಿನ್ನಿಗೆ 4,000 ರೂಪಾಯಿ ಕೊಟ್ಟೆ. ಅದೇ ವಾರ ಮಠದ ದಾಸೋಹಕ್ಕೆ 500 ಬರೆಸಲು ಹಿಂದೆಮುಂದೆ ನೋಡಿದೆ! ಮಾರಯ್ಯ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಮರಳಿ ಸುರಿದು ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮ ತಾಯಿ ನೆನಪಾಗಿ ನಾಚಿಕೆಯಾಯಿತು.

ಅಂದಾಜುಪಟ್ಟಿಯಿಲ್ಲದೆ ಕಾಮಗಾರಿ ಆರಂಭಿಸಬಾರದೆಂದು ಇಂಜಿನಿಯರಾಗಿ ಸೇವೆಯುದ್ದಕ್ಕೂ ಹೇಳಿದವನು ನಾನು. ಹವ್ಯಾಸ ತಪ್ಪಲ್ಲ, ಮಿತಿಯಿಲ್ಲದ ಆಸೆ ತಪ್ಪು. ಈಗ ಪಿನ್ನಿಗೆ ವರ್ಷಕ್ಕೆ 2,000 ರೂಪಾಯಿ ಮಾತ್ರ. ಅದೂ ದಾಸೋಹಕ್ಕೆ ಅಷ್ಟೇ ಮೊತ್ತ ಸಲ್ಲಿಸಿದ ಮೇಲೆ. ನಿಮ್ಮ ಹವ್ಯಾಸದ ಲೆಕ್ಕವನ್ನೂ ಒಮ್ಮೆ ಬರೆದು ನೋಡಿ.