ಗೋಡಂಬಿ, ಬಾದಾಮಿ ಆರೋಗ್ಯಕ್ಕೆ ಒಳ್ಳೆಯದೇ, ಆದರೆ ಎಷ್ಟು? ಚೆನ್ನೈ ಅಧ್ಯಯನಗಳು ನಿಜಕ್ಕೂ ಹೇಳಿದ್ದೇನು?

ಚೆನ್ನೈ: ‘ದಿನಾ ಬಾದಾಮಿ ತಿಂದರೆ ಶುಗರ್ ಹತ್ತಿರ ಸುಳಿಯಲ್ಲ’, ‘ಗೋಡಂಬಿ ತಿಂದರೆ ಕೊಲೆಸ್ಟ್ರಾಲ್ ಇಳಿಯುತ್ತೆ’. ಇಂಥ ಸಂದೇಶಗಳು ವಾಟ್ಸ್ಆ್ಯಪ್ ಗುಂಪುಗಳಲ್ಲಿ ದಿನಕ್ಕೊಂದು ಬರುತ್ತಲೇ ಇವೆ. ಇದರ ನಡುವೆ 2025ರ ಸೆಪ್ಟೆಂಬರ್ 22ರಿಂದ ಬಾದಾಮಿ, ಪಿಸ್ತಾ ಮುಂತಾದವುಗಳ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಮೊದಲು ಹಬ್ಬ, ಮದುವೆಗೆ ಮಾತ್ರ ಸೀಮಿತವಾಗಿದ್ದ ಡ್ರೈಫ್ರೂಟ್ಸ್ ಡಬ್ಬಿ ಈಗ ಆಫೀಸ್ ಟೇಬಲ್ ಮೇಲೂ ಇದೆ, ಟಿವಿ ಮುಂದೆಯೂ ಇದೆ. ಆದರೆ ಈ ‘ಆರೋಗ್ಯಕರ’ ತಿಂಡಿಗೂ ಒಂದು ಮಿತಿ ಇದೆ ಎಂಬುದನ್ನು ಹೆಚ್ಚಿನವರು ಗಮನಿಸುತ್ತಿಲ್ಲ.

30 ಗ್ರಾಂ, 43 ಗ್ರಾಂ ಲೆಕ್ಕ

ನಟ್ಸ್ ಪರವಾಗಿ ಭಾರತದಲ್ಲಿ ಹೆಚ್ಚು ಚರ್ಚೆಯಾದ ಎರಡು ಪ್ರಯೋಗಗಳು ನಡೆದದ್ದು ಚೆನ್ನೈನಲ್ಲೇ. ಎರಡನ್ನೂ ನಡೆಸಿದ್ದು ಡಾ. ವಿ. ಮೋಹನ್ ನೇತೃತ್ವದ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್.

2018ರಲ್ಲಿ ಪ್ರಕಟವಾದ ಮೊದಲ ಅಧ್ಯಯನದಲ್ಲಿ ಟೈಪ್-2 ಮಧುಮೇಹ ಇರುವ 300 ಮಂದಿ ಭಾಗವಹಿಸಿದ್ದರು. ಒಂದು ಗುಂಪಿಗೆ ಮಧುಮೇಹಿಗಳ ಸಾಮಾನ್ಯ ಆಹಾರಕ್ರಮದ ಜೊತೆ ದಿನಕ್ಕೆ 30 ಗ್ರಾಂ ಗೋಡಂಬಿ ಕೊಡಲಾಯಿತು. 12 ವಾರಗಳ ಬಳಿಕ ಅವರಲ್ಲಿ ಒಳ್ಳೆಯ ಕೊಲೆಸ್ಟ್ರಾಲ್ (ಎಚ್‌ಡಿಎಲ್) ಸ್ವಲ್ಪ ಏರಿತ್ತು. ಮೇಲಿನ ರಕ್ತದೊತ್ತಡ ಸರಾಸರಿ 4.9 ಅಂಕ ಇಳಿದಿತ್ತು. ಗೋಡಂಬಿ ತಿನ್ನದ ಗುಂಪಿನಲ್ಲಿ ಇಳಿದಿದ್ದು 1.7 ಅಂಕ. ರಕ್ತದ ಸಕ್ಕರೆ ಮತ್ತು ತೂಕದಲ್ಲಿ ಮಾತ್ರ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಗೋಡಂಬಿಯಿಂದ ಶುಗರ್ ಇಳಿಯುತ್ತದೆ ಎಂದು ಈ ಅಧ್ಯಯನ ಹೇಳಿಲ್ಲ.

2023ರಲ್ಲಿ ಪ್ರಕಟವಾದ ಎರಡನೇ ಅಧ್ಯಯನ ಅಧಿಕ ತೂಕದ 400 ಮಂದಿಯ ಮೇಲೆ ನಡೆಯಿತು. ದಿನಕ್ಕೆ 43 ಗ್ರಾಂ, ಅಂದರೆ ಸುಮಾರು 35 ಬಾದಾಮಿ ತಿಂದವರಲ್ಲಿ ಇನ್ಸುಲಿನ್ ಪ್ರತಿರೋಧ ಕಡಿಮೆಯಾಗಿತ್ತು. ಇದಕ್ಕೆ ಹಣಕಾಸಿನ ನೆರವು ಕೊಟ್ಟಿದ್ದು ಕ್ಯಾಲಿಫೋರ್ನಿಯಾದ ಬಾದಾಮಿ ಮಂಡಳಿ. ಅಷ್ಟರಿಂದ ಫಲಿತಾಂಶ ಸುಳ್ಳಾಗುವುದಿಲ್ಲ. ಆದರೆ ಓದುವಾಗ ಈ ಅಂಶವೂ ಗೊತ್ತಿರಬೇಕು.

ಎರಡರಲ್ಲೂ ಇದ್ದದ್ದು ಅಳೆದ ಪ್ರಮಾಣ, 12 ವಾರಗಳ ಅವಧಿ. ಸಾಮಾಜಿಕ ಜಾಲತಾಣಕ್ಕೆ ಬರುವಷ್ಟರಲ್ಲಿ ಈ ಎರಡೂ ಮಾಯವಾಗಿ, ‘ಬಾದಾಮಿ ಒಳ್ಳೆಯದು’ ಎಂಬ ಸಾಲು ಮಾತ್ರ ಉಳಿಯುತ್ತದೆ.

ಹೆಚ್ಚಾದರೆ ಏನಾಗುತ್ತದೆ?

ಮೊದಲ ಸಮಸ್ಯೆ ಕ್ಯಾಲೊರಿ. 100 ಗ್ರಾಂ ಬಾದಾಮಿ ಅಥವಾ ಗೋಡಂಬಿಯಲ್ಲಿ 550ರಿಂದ 580 ಕ್ಯಾಲೊರಿ ಇರುತ್ತದೆ. ಅಕ್ರೋಟಿನಲ್ಲಿ 650 ದಾಟುತ್ತದೆ. ದಿನಕ್ಕೆ 2,000 ಕ್ಯಾಲೊರಿ ಸಾಕಾಗುವ ವ್ಯಕ್ತಿಗೆ ಇದು ಕಾಲು ಭಾಗಕ್ಕಿಂತ ಹೆಚ್ಚು. ಮಾತನಾಡುತ್ತಾ ಕೈ ಹಾಕಿದರೆ 100 ಗ್ರಾಂ ಖಾಲಿಯಾಗಿದ್ದು ಗೊತ್ತಾಗುವುದೂ ಇಲ್ಲ. ಕೊಬ್ಬು, ನಾರಿನಂಶ ಒಮ್ಮೆಲೇ ಹೆಚ್ಚಾದಾಗ ಹೊಟ್ಟೆ ಉಬ್ಬರ, ಗ್ಯಾಸ್, ಭೇದಿ ಕಾಣಿಸಿಕೊಳ್ಳಬಹುದು.

ಎರಡನೆಯದು ಕಿಡ್ನಿ. ಬಾದಾಮಿ, ಗೋಡಂಬಿಗಳಲ್ಲಿ ಆಕ್ಸಲೇಟ್ ಹೆಚ್ಚು. ಇದು ಕ್ಯಾಲ್ಸಿಯಂ ಜೊತೆ ಸೇರಿ ಕಿಡ್ನಿ ಕಲ್ಲಾಗಬಹುದು. ಈಗಾಗಲೇ ಕಲ್ಲಿನ ಸಮಸ್ಯೆ ಇದ್ದವರಿಗೆ ಅಪಾಯ ಹೆಚ್ಚು. ಕಿಡ್ನಿ ಕಾಯಿಲೆ ಇರುವವರಿಗೆ ನಟ್ಸ್‌ನಲ್ಲಿರುವ ಪೊಟ್ಯಾಶಿಯಂ, ರಂಜಕ ಕೂಡ ಹೊರೆಯೇ. ಮಧುಮೇಹ ಕಿಡ್ನಿಗೂ ಹಾನಿ ಮಾಡುವ ಕಾಯಿಲೆಯಾದ್ದರಿಂದ, ಶುಗರ್‌ಗೆಂದು ನಟ್ಸ್ ಶುರು ಮಾಡುವವರು ಈ ಅಂಶವನ್ನು ಮರೆಯುವಂತಿಲ್ಲ.

ಮೂರನೆಯದು ಉಪ್ಪು, ಎಣ್ಣೆ. ಅಂಗಡಿಯಲ್ಲಿ ಹೆಚ್ಚು ಖರ್ಚಾಗುವುದು ಹುರಿದ, ಮಸಾಲೆ ಹಚ್ಚಿದ ಗೋಡಂಬಿ, ಕಡಲೆಕಾಯಿ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪು ಹಾಕಿದ ಗೋಡಂಬಿ ತಿಂದು ಬಿಪಿ ಇಳಿಯಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ. ಮುಗ್ಗಲು ಹಿಡಿದ ಕಡಲೆಕಾಯಿಯಲ್ಲಿ ಯಕೃತ್ತಿಗೆ ಹಾನಿ ಮಾಡುವ ಅಫ್ಲಾಟಾಕ್ಸಿನ್ ಎಂಬ ವಿಷವಿರುವ ಸಾಧ್ಯತೆಯೂ ಇದೆ.

ಅನ್ನದ ಜೊತೆಗೋ, ಅನ್ನದ ಬದಲಿಗೋ?

ಇದೇ ಫೌಂಡೇಶನ್ ಐಸಿಎಂಆರ್ ಜೊತೆ ನಡೆಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಮಂದಿಗೆ ಮಧುಮೇಹವಿದೆ. ಇನ್ನೂ 13.6 ಕೋಟಿ ಮಂದಿ ಅದರ ಅಂಚಿನಲ್ಲಿದ್ದಾರೆ. ಭಾರತೀಯರ ದಿನದ ಕ್ಯಾಲೊರಿಯಲ್ಲಿ ಶೇ 62ರಷ್ಟು ಬರುವುದು ಕಾರ್ಬೋಹೈಡ್ರೇಟ್‌ನಿಂದ ಎಂದೂ 2025ರ ವರದಿ ಹೇಳಿದೆ.

ಚರ್ಚೆಯ ತಿರುಳು ಇರುವುದು ಇಲ್ಲೇ. ಸಂಜೆಯ ಬಜ್ಜಿ, ಬಿಸ್ಕತ್ತಿನ ಬದಲು ಒಂದು ಹಿಡಿ ನಟ್ಸ್ ತಿಂದರೆ ಲಾಭ. ಬೆಳಿಗ್ಗೆ ಪೊಂಗಲ್, ಮಧ್ಯಾಹ್ನ ಅನ್ನ, ಸಂಜೆ ಬಜ್ಜಿ ಎಲ್ಲವೂ ಹಾಗೇ ಇದ್ದು, ಮೇಲಿಂದ ನಟ್ಸ್ ಸೇರಿದರೆ ಅದು ಹೆಚ್ಚುವರಿ ಕ್ಯಾಲೊರಿ ಅಷ್ಟೇ. ಕಾಜು ಕತ್ಲಿ, ಬಾದಾಮಿ ಹಾಲಿನ ರೂಪದಲ್ಲಿ ತಿಂದರಂತೂ ಸಕ್ಕರೆಯೂ ಜೊತೆಗೆ ಬರುತ್ತದೆ.

ಹಾಗಾದರೆ ಎಷ್ಟು ತಿನ್ನಬೇಕು?

ಹೈದರಾಬಾದ್‌ನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ 2,000 ಕ್ಯಾಲೊರಿ ತಟ್ಟೆಯಲ್ಲಿ ನಟ್ಸ್ ಮತ್ತು ಎಣ್ಣೆಬೀಜಗಳಿಗೆ ಇಟ್ಟಿರುವ ಪಾಲು 35 ಗ್ರಾಂ. ಸ್ಪೇನ್‌ನ ಪ್ರಸಿದ್ಧ ‘ಪ್ರೆಡಿಮೆಡ್’ ಅಧ್ಯಯನದಲ್ಲಿ ಕೊಟ್ಟಿದ್ದೂ ದಿನಕ್ಕೆ 30 ಗ್ರಾಂ.

* ಡಬ್ಬಿಯಿಂದ ನೇರವಾಗಿ ತಿನ್ನಬೇಡಿ. ಒಂದು ಹಿಡಿಯಷ್ಟು ಬಟ್ಟಲಿಗೆ ಹಾಕಿಕೊಂಡು ಡಬ್ಬಿ ಮುಚ್ಚಿಡಿ.
* ಉಪ್ಪು, ಸಕ್ಕರೆ ಹಾಕದವನ್ನೇ ಆರಿಸಿ. ಕಹಿ ಅಥವಾ ಮುಗ್ಗಲು ವಾಸನೆ ಬಂದರೆ ಬಿಸಾಡಿ.
* ಕಡಲೆಕಾಯಿಯೂ ಪೌಷ್ಟಿಕವೇ. ದುಬಾರಿ ನಟ್ಸ್ ಬೇಕೇ ಬೇಕು ಎಂದೇನಿಲ್ಲ.
* ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ.
* ಕಿಡ್ನಿ ಸಮಸ್ಯೆ ಇದ್ದರೆ ಪ್ರಮಾಣವನ್ನು ವೈದ್ಯರ ಬಳಿ ಕೇಳಿಯೇ ನಿರ್ಧರಿಸಿ. ಅಲರ್ಜಿ ಇದ್ದವರು ಆ ಬೀಜವನ್ನು ಮುಟ್ಟದಿರುವುದೇ ಸುರಕ್ಷಿತ.

ತೆರಿಗೆ ಇಳಿದಿದ್ದರಿಂದ ಬಾದಾಮಿ ಹೆಚ್ಚು ಮನೆಗಳಿಗೆ ತಲುಪಿದರೆ ಅದು ಸಂತೋಷದ ವಿಷಯವೇ. ಆದರೆ ಶುಗರ್, ಬಿಪಿ ಮಾತ್ರೆಗಳ ಜಾಗವನ್ನು ಅದು ತುಂಬಲಾರದು.